ತಲೆಕೆಳಗಿನ ಭಲೇ

ಏಪ್ರಿಲ್ 9, ಬುಧವಾರ

ಮೊಟ್ಟೆ ಜೇಬಿಗೆ ಹಾಕಿಕೊಂಡು ದೋಸೆಗೆ ಹೊರಟೆ. ಇವತ್ತು ಬೀಗಿತ್ತಿಗೂ ಸೇರಿಸಿ ಎರಡು ಮೊಟ್ಟೆ. ಹಿಂದೆಯೇ ಅವರೂ ಬಂದರು. ಕಿತ್ತಳೆ ಬಣ್ಣದ ಟೂರಿಸ್ಟ್ ಟೋಪಿ, ಕುತ್ತಿಗೆಗೆ ನೀರಿನ ಬಾಟಲಿ, ಕೈಯಲ್ಲಿ ಫೋನು. ಸೊಸೆಯ ತಾಯಿ. ದಕ್ಷಿಣ ಚೀನಾದ ಲ್ಯೂಝೌ ಊರಿನವರು. ನಮ್ಮ ತಿಯಾನ್‌ಜಿನ್ ನೋಡಬೇಕಂತೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ತೋರಿಸುವ ಕೆಲಸ ನನ್ನದು. ರಿಟೈರ್ ಆದವನು ಮನೆಮಂದಿಗೆಲ್ಲ ಬಿಟ್ಟಿ ಆಳು.

"ಮೊಟ್ಟೆ ಮನೆಯಿಂದ ತರೋದಾ?" ಅಂದರು.

"ಹೌದು. ಹಿಟ್ಟು ಅವನದು, ಮೊಟ್ಟೆ ನಮ್ದು."

ನಂಬಲಿಲ್ಲ. ಹೆಂಚಿನ ಮೇಲೆ ಹೆಸರುಹಿಟ್ಟು ಹರಡಿ ದೋಸೆಯ ಪಾಂಗ್ ನಮ್ಮ ಮೊಟ್ಟೆಯನ್ನೇ ಒಡೆದ ಮೇಲೆ ಫೋಟೋ ತೆಗೆದರು.

"ಅಕ್ಕ, ಖಾರ ಹಾಕ್ಲಾ?" ಅಂದ ಪಾಂಗ್. ಅವನಿಗೆ ಎಪ್ಪತ್ತು ದಾಟಿದೆ. ಬೀಗಿತ್ತಿ ಹಿಂದೆ ಯಾರಾದರೂ ಇದ್ದಾರೇನೋ ಅಂತ ತಿರುಗಿ ನೋಡಿದರು.

"ನಿಮ್ಮನ್ನೇ ಕರೆದಿದ್ದು. ಈ ಊರಲ್ಲಿ ತೊಟ್ಟಿಲಲ್ಲಿರೋಳೂ ಅಕ್ಕನೇ," ಅಂದೆ.

ನಕ್ಕರು. ಒಳ್ಳೆಯ ಹೆಂಗಸು. ಆದರೆ ತಂದಿರುವ ಹುಳಿ ಕಳಲೆಯ ಭರಣಿಗಳಿಂದ ಮನೆಯೆಲ್ಲ ಗಬ್ಬು ನಾರುತ್ತಿದೆ. ಬೀಗರ ಕಡೆಯದು, ಮೂಗು ಮುಚ್ಚುವ ಹಾಗಿಲ್ಲ.

ದೋಸೆ ಮಡಚುತ್ತ ಪಾಂಗ್ ಕೇಳಿಯೇಬಿಟ್ಟ: "ಭಾನುವಾರ ನಿಮ್ಮಕ್ಕ ಹಾಡ್ತಾರಂತೆ? ಗಂಟಲು ಹೇಗಿದೆ?"

"ಚೆನ್ನಾಗಿದೆ."

ನನಗೇನು ಗೊತ್ತು… ಯಾರಿಗೂ ಗೊತ್ತಿಲ್ಲ.

ಏಪ್ರಿಲ್ 10, ಗುರುವಾರ

ಅಕ್ಕನ ಅಭ್ಯಾಸಕ್ಕೆ ಹೋಗಿದ್ದೆ. ಥಿಯೇಟರಿನ ಹಿಂದಿನ ಕೋಣೆ. ಅವಳು, ಶಿಷ್ಯೆ ಷಿಯಾವ್‌ಮಾನ್, ಪಿಟೀಲಿನ ಹೌ. ಹೌನದು ಎರಡು ತಂತಿಯ ಪಿಟೀಲು. ಮೂವತ್ತು ವರ್ಷದಿಂದ ಅಕ್ಕನಿಗೇ ನುಡಿಸುತ್ತಿದ್ದಾನೆ.

ಜಗಳ ನಡೆದಿತ್ತು. ಜೋರು ಮಾತಿನ ಜಗಳವಲ್ಲ. ಹೌ ತಂತಿಯನ್ನು ಒಂದಿಷ್ಟು ಸಡಿಲಿಸುತ್ತಾನೆ, ಅಕ್ಕ ಹೋಗಿ ಬಿಗಿ ಮಾಡುತ್ತಾಳೆ.

"ಶ್ರುತಿ ಒಂಚೂರು ಇಳಿಸೋಣ ಸೂಯುನ್. ಕುತ್ತಿಗೆಗೆ ಕತ್ತಿ ಹಾಕಿಸ್ಕೊಂಡು ಬಂದಿದೀಯ. ಯಾರೂ ಬೈಯಲ್ಲ."

"ಬೈಯಲ್ಲ. ಪಾಪ ಅಂತಾರೆ. ಅದು ಬೇಡ."

ಆಪರೇಷನ್ ಆಗಿ ಎರಡು ಚಳಿಗಾಲ ಕಳೆಯಿತು. ಕುತ್ತಿಗೆಯ ಗಂಟು ತೆಗೆದರು, ಜೀವ ಉಳಿಯಿತು. ಸ್ವರದ ನರಕ್ಕೆ ಏಟು ಬಿದ್ದಿದೆ, ಎಷ್ಟು ಮರಳುತ್ತದೋ ಹೇಳಲಾಗದು ಅಂದಿದ್ದರು ಡಾಕ್ಟರು. ಈಗ ಎರಡು ಭಾನುವಾರ, ಹಾಡುನಾಟಕದ ಎರಡು ಮಧ್ಯಾಹ್ನದ ಆಟ. ಈ ಊರು ಒಪ್ಪಿದರೆ ರಂಗದ ಮೇಲೆ ಇರುತ್ತಾಳೆ. ಇಲ್ಲವಾದರೆ ಉಡುಪಿನ ಪೆಟ್ಟಿಗೆ ಷಿಯಾವ್‌ಮಾನ್‌ಗೆ, ತಾನು ಮನೆಗೆ. ಇದನ್ನು ನನ್ನೆದುರೇ ಹೇಳಿದಳು, ನಾಳೆ ಸೊಪ್ಪು ತರಬೇಕು ಅನ್ನುವ ದನಿಯಲ್ಲಿ.

ಬೇರೆ ಊರಿನಲ್ಲಿ ಹಾಡಬಹುದಿತ್ತಲ್ಲ ಅಂದೆ.

"ಬೇರೆ ಊರಲ್ಲಿ ಹಾಡಿದ್ದು ಹಾಡಿದ ಹಾಗಾ?" ಅಂದಳು. ಅದೂ ನಿಜ. ಇಲ್ಲಿ ಗೆದ್ದವರೇ ಗೆದ್ದವರು. ಬೇರೆಡೆ ಹೂಮಾಲೆ ಹಾಕಿಸಿಕೊಂಡು ಬಂದವರನ್ನು ನಮ್ಮ ಮುದುಕರು ಒಂದೇ ಕೂಗಿಗೆ ರೈಲು ಹತ್ತಿಸಿದ್ದಾರೆ.

ಏಪ್ರಿಲ್ 12, ಶನಿವಾರ

ಬೀಗಿತ್ತಿಗೆ ಊರು ತೋರಿಸಿ ಕಾಲು ಬಿದ್ದುಹೋಯಿತು. ಸೇಬುಹೂವಿನ ಬೀದಿ. ಪ್ರತಿ ಮರಕ್ಕೂ ಒಂದು ಫೋಟೋ. ಆಮೇಲೆ ಸೇತುವೆಯಿಂದ ನದಿಗೆ ಧುಮುಕುವ ಮುದುಕರು. "ಚಳಿ ಆಗಲ್ವಾ?" ಅಂತ ಒಬ್ಬನನ್ನು ಕೇಳಿಯೇಬಿಟ್ಟರು. "ಆಗುತ್ತೆ ಅಕ್ಕ, ಮನೇಲಿ ಹೆಂಡ್ತಿ ಹತ್ರ ಇನ್ನೂ ಜಾಸ್ತಿ ಆಗುತ್ತೆ," ಅಂದ. ಧುಮುಕಿದ. ಬೀಗಿತ್ತಿ ನಕ್ಕು ನಕ್ಕು ಕೂತರು.

ನಾಳೆ ಆಟಕ್ಕೆ ಅವರೂ ಬರುತ್ತಾರೆ. ಇಂಥ ಆಟ ಜನ್ಮದಲ್ಲಿ ನೋಡಿಲ್ಲವಂತೆ. ಅವರ ಕಡೆ ಬೆಟ್ಟದ ಮೇಲೆ ನಿಂತು ಎದುರುಬದುರು ಹಾಡುತ್ತಾರಂತೆ, ಅಷ್ಟೇ.

"ಸುಮ್ನೆ ಕೂತ್ಕೊಂಡು ನೋಡೋದಾ?"

"ನಾವು ಆಟ ನೋಡೋರಲ್ಲ ಬೀಗ್ರೇ, ಕೇಳೋರು. ಕಣ್ಣು ಮುಚ್ಕೊಂಡ್ರೆ ಇನ್ನೂ ಚೆನ್ನಾಗಿ ಕೇಳುತ್ತೆ. ಇಷ್ಟ ಆದಾಗ ಭಲೇ ಅಂತ ಕೂಗ್ಬೇಕು."

"ಯಾವಾಗ?"

"ಸ್ವರ ಮೇಲಕ್ಕೆ ಹೋಗಿ ಹೋಗಿ ಒಂದ್ಕಡೆ ನಿಲ್ಲುತ್ತೆ. ನಿಂತ ತಕ್ಷಣ. ಚಪ್ಪಾಳೆ ಅಲ್ಲ, ಭಲೇ. ಹೊಟ್ಟೆಯಿಂದ."

ಅಡುಗೆಮನೆಯಲ್ಲಿ ಅಭ್ಯಾಸ ನಡೆಯಿತು. ಮೊದಲ ಭಲೇ ಕೆಮ್ಮಿದ ಹಾಗಿತ್ತು. ಆಮೇಲೆ ಕುದುರಿತು. ಪಾತ್ರೆಗಳು ಅದುರಿದವು. ಸೊಸೆ ಬಾಗಿಲಲ್ಲಿ ನಿಂತು, "ಅಮ್ಮಾ, ಪಕ್ಕದ ಮನೆಯವರು ಬರ್ತಾರೆ," ಅಂದಳು.

"ನೀವೂ ಕೂಗ್ತೀರಾ ಬೀಗ್ರೇ?"

ನಾನು ಕೂಗುವುದಿಲ್ಲ ಅಂದೆ. ಯಾಕೆ ಅಂದರು. ಅಪ್ಪ ಅಕ್ಕನ ತಂಡದಲ್ಲೇ ತಮಟೆಯವನಾಗಿದ್ದ. ಮನೆಯವರಿಗೆ ಮನೆಯವರೇ ಭಲೇ ಅನ್ನುವುದು ಸ್ವಂತ ಅಂಗಡಿ ಮುಂದೆ ತಾನೇ ಗಿರಾಕಿಯಾಗಿ ನಿಂತ ಹಾಗೆ ಅನ್ನುತ್ತಿದ್ದ. ಅಕ್ಕ ಮೊದಲ ಸಲ ಬಣ್ಣ ಹಚ್ಚಿದ ದಿನದಿಂದ ಮೂರನೇ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ.

ಏಪ್ರಿಲ್ 13, ಭಾನುವಾರ, ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಥಿಯೇಟರು ತುಂಬಿತ್ತು. ಮುಂದಿನ ಸಾಲುಗಳಲ್ಲಿ ಎಲ್ಲ ಹಳೆಯ ತಲೆಗಳು. ಪಾಂಗ್ ಕೂಡ ದೋಸೆಯ ಹೆಂಚು ಬೇಗ ಆರಿಸಿ ಬಂದಿದ್ದ. ಬೀಗಿತ್ತಿ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಅಕ್ಕ ಪರದೆ ಸರಿಸಿ ಬಂದಳು. ಬಂದ ಬರವಿಗೇ ಒಂದು ಭಲೇ. ಹಣೆಯ ಮೇಲೆ ಕಪ್ಪು ಪಟ್ಟಿ, ಕಡುನೀಲಿ ಉಡುಪು, ಉದ್ದನೆಯ ಬಿಳಿ ತೋಳು. ಎರಡು ವರ್ಷದಿಂದ ಶಾಲು ಸುತ್ತಿಕೊಂಡು ಕಿಟಕಿ ಪಕ್ಕ ಕೂತಿದ್ದ ಹೆಂಗಸು ಇವಳೇನಾ ಅನಿಸಿತು. ಎಷ್ಟು ಚೆಂದ ನನ್ನಕ್ಕ. ಅರವತ್ತನಾಲ್ಕು ಅಂದರೆ ಯಾರು ನಂಬುತ್ತಾರೆ.

ಕಥೆ ಇಷ್ಟೇ. ಮಗ ಬೆಳಗಾದರೆ ಯುದ್ಧಕ್ಕೆ ಹೊರಡಬೇಕು. ತಾಯಿ ಅವನ ಅಂಗಿ ಹೊಲಿಯುತ್ತಾಳೆ. ರಂಗದ ಮೇಲೆ ಒಂದು ಮೇಜು, ಒಂದು ಕುರ್ಚಿ. ಸೂಜಿ ಇಲ್ಲ, ದಾರ ಇಲ್ಲ, ಅಂಗಿಯೂ ಇಲ್ಲ. ಬರೀ ಕೈ, ಬರೀ ಹಾಡು. ನಾನು ಎಂದಿನಂತೆ ಕಣ್ಣು ಮುಚ್ಚಿದೆ.

ಮೊದಲ ಪದ ಚೆನ್ನಾಗಿ ಬಂತು. ಎರಡನೆಯದು ಇನ್ನೂ ಚೆನ್ನಾಗಿ. ಹಳೆಯ ಶ್ರುತಿಯಲ್ಲೇ. ಹೌನ ಪಿಟೀಲು ಅವಳ ಕೈ ಹಿಡಿದು ನಡೆಸಿದ ಹಾಗಿತ್ತು. ಸುತ್ತ ಭಲೇ ಮೇಲೆ ಭಲೇ. ಗೆದ್ದಳು ಅಂದುಕೊಂಡೆ.

ಕೊನೆಗೆ ಆ ಸಾಲು. ಹೊಲಿಗೆ ಮುಗಿಯಿತು, ಇನ್ನು ಬೆಳಗಾಗದಿರಲಿ ಅನ್ನುವ ಸಾಲು. ಸ್ವರ ಮೇಲೆ, ಇನ್ನೂ ಮೇಲೆ… ತುದಿಗೆ ಹೋಗಿ ಒಡೆಯಿತು. ಗಾಜು ಬಿರುಕು ಬಿಟ್ಟ ಸದ್ದು. ಒಂದು ಕ್ಷಣ ಏನೂ ಇಲ್ಲ. ಪಿಟೀಲು ಒಂದೇ.

ಆ ಮೌನದಲ್ಲಿ, ನನ್ನ ಪಕ್ಕದಿಂದಲೇ, ಹೊಟ್ಟೆಯಿಂದ, ಪಾತ್ರೆ ಅದುರುವ ಹಾಗೆ —

"ಭಲೇ."

ಎಲ್ಲ ಹೇಳಿಕೊಟ್ಟಿದ್ದೆ. ಇದೊಂದನ್ನು ಹೇಳಿಕೊಟ್ಟಿರಲಿಲ್ಲ. ಸ್ವರ ತಪ್ಪಿದಾಗ ಕೂಗಿದರೆ ಅದು ಭಲೇ ಅಲ್ಲ, ತಲೆಕೆಳಗಿನ ಭಲೇ. ಮುಖಕ್ಕೆ ಉಗಿದ ಹಾಗೆ. ಕಲಾವಿದರು ಅದಕ್ಕೆ ಹೆದರುವಷ್ಟು ಸಾವಿಗೂ ಹೆದರುವುದಿಲ್ಲ. ಎಡಗಡೆ ಬಾಗಿಲ ಬಳಿಯಿಂದ ಇನ್ಯಾರೋ ಅದನ್ನು ಎಳೆದು ಎಳೆದು ಕೂಗಿದ, ಭ…ಲೇ ಅಂತ. ಅವನಿಗೆ ಅರ್ಥ ಗೊತ್ತಿತ್ತು. ಒಂದಿಬ್ಬರು ನಕ್ಕರು.

ಕಣ್ಣು ಬಿಟ್ಟೆ. ಅಕ್ಕ ನಮ್ಮ ಸಾಲಿನ ಕಡೆ ನೋಡುತ್ತಿದ್ದಳು. ಅಷ್ಟೇ. ಆಟ ನಿಲ್ಲಿಸಲಿಲ್ಲ. ಕೊನೆಯವರೆಗೂ ಹಾಡಿದಳು, ಎತ್ತರದ ಜಾಗಗಳನ್ನೆಲ್ಲ ತಪ್ಪಿಸಿಕೊಂಡು. ಮುಗಿದ ಮೇಲೆ ಬಾಗಿ ವಂದಿಸಲು ಬರಲಿಲ್ಲ. ಷಿಯಾವ್‌ಮಾನ್ ಬಂದಳು.

ಹೊರಗೆ ಬಂದ ಮೇಲೆ ಬೀಗಿತ್ತಿಯ ಮುಖ ಅರಳಿತ್ತು. "ಬೀಗ್ರೇ, ಸರಿಯಾದ ಹೊತ್ತಿಗೆ ಕೂಗಿದ್ನಲ್ವಾ?"

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬೀಗರು. ಹೆಣ್ಣು ಕೊಟ್ಟವರು. "ಹೂಂ," ಅಂದೆ.

ಏಪ್ರಿಲ್ 14, ಸೋಮವಾರ

ಅಕ್ಕ ಫೋನ್ ಎತ್ತುತ್ತಿಲ್ಲ.

ಏಪ್ರಿಲ್ 16, ಬುಧವಾರ

ಹೌ ಸಿಕ್ಕಿದ್ದ. ಬರುವ ಭಾನುವಾರ ಷಿಯಾವ್‌ಮಾನ್ ಹಾಡುತ್ತಾಳಂತೆ. ಉಡುಪನ್ನು ಅವಳ ಅಳತೆಗೆ ಹಿಡಿಯಲು ಕೊಟ್ಟಾಯಿತಂತೆ. "ನಾನು ಬಂದು ಮಾತಾಡ್ಲಾ?" ಅಂದೆ. "ನೀನು ಬಂದು ಏನ್ ಹೇಳ್ತೀಯ ದೆಶುನ್? ಒಡೀಲಿಲ್ಲ ಅಂತೀಯಾ?"

ಹೇಳಲಾರೆ. ಒಡೆದಿತ್ತು. ನನ್ನ ಕಿವಿ ಸುಳ್ಳು ಹೇಳುವುದಿಲ್ಲ. ಅದೇ ದೊಡ್ಡ ಕಷ್ಟ.

ಬೀಗಿತ್ತಿ ಎದುರಿಗೆ ಬಂದರೆ ಸಿಟ್ಟು ಬರುತ್ತದೆ. ಅವರು ಆಟದ ಫೋಟೋಗಳನ್ನು ಊರಿನವರಿಗೆಲ್ಲ ಕಳಿಸಿ, "ನಮ್ಮ ಬೀಗರ ಅಕ್ಕ" ಅಂತ ಬರೆಯುತ್ತಿದ್ದಾರೆ. ಸಿಟ್ಟು ಬರುತ್ತದೆ, ಮರುಕ್ಷಣ ನಾಚಿಕೆಯಾಗುತ್ತದೆ. ಅವರ ರೈಲು ಶುಕ್ರವಾರ. ಗೊತ್ತಾಗದೆ ಹೋಗಿಬಿಡಲಿ.

ಏಪ್ರಿಲ್ 17, ಗುರುವಾರ

ಗೊತ್ತಾಯಿತು.

ಬೆಳಿಗ್ಗೆ ಪಾಂಗ್ ಹೆಂಚು ಒರೆಸುತ್ತ ತಮಾಷೆಗೇ ಅಂದ: "ಅಕ್ಕ, ನೋಡೋಕೆ ಇಷ್ಟು ಸಾಧು. ಅವತ್ತು ಒಂದೇ ಕೂಗಿಗೆ ನಮ್ಮ ಸೂಯುನ್‌ನ ಕೆಡವಿಬಿಟ್ರಲ್ಲ. ಇಂಥಾ ಗಂಡೆದೆ ಈ ಊರೋರಿಗೂ ಇಲ್ಲ."

ನಾನು ಕಣ್ಣು ಸನ್ನೆ ಮಾಡಿದೆ. ಅವನು ನೋಡಲಿಲ್ಲ. ಬೀಗಿತ್ತಿ ಕೇಳಿದರು, ಪಾಂಗ್ ವಿವರಿಸಿದ. ಅರ್ಧ ವಿವರಿಸುವಷ್ಟರಲ್ಲಿ ಇವರಿಗೆ ಏನೂ ಗೊತ್ತಿರಲಿಲ್ಲ ಅಂತ ಅವನಿಗೂ ತಿಳಿಯಿತು. ಮಿಕ್ಕದ್ದನ್ನು ದೋಸೆಗೆ ಹೇಳಿದ.

ಅವರು ತಿನ್ನಲಿಲ್ಲ. ಮನೆಯವರೆಗೂ ನನಗಿಂತ ಮುಂದೆ ನಡೆದರು. ಮೆಟ್ಟಿಲ ಬಳಿ ನಿಂತರು.

"ನಿಮಗೆ ಅವತ್ತೇ ಗೊತ್ತಿತ್ತು."

"ಹೂಂ."

"ನಾಲ್ಕು ದಿನ ನನ್ನ ಬಾಯಿಗೆ ಬೆಲ್ಲ ಹಾಕ್ತಾ ಇದ್ರಿ."

"ನೀವು ಬೀಗರು…"

"ಬೀಗರಾದ್ರೆ ಕಿವುಡರಾಗಿರ್ಬೇಕಾ? ಅವರ ಮನೆ ಎಲ್ಲಿ? ನಡೀರಿ."

ಕಳಲೆಯ ಭರಣಿ ಎತ್ತಿಕೊಂಡರು. ಗಂಟಲಿನವರಿಗೆ ಹುಳಿ ಆಗದು ಅಂದೆ. ಬರಿಗೈಯಲ್ಲಿ ಹೋಗುವ ಜನ ನಾವಲ್ಲ ಅಂದರು. ಬಸ್ಸಿನಲ್ಲಿ ನಮ್ಮ ಸುತ್ತ ಎರಡು ಸೀಟು ಖಾಲಿ. ವಾಸನೆಗೆ.

ಅಕ್ಕನೇ ಬಾಗಿಲು ತೆಗೆದಳು. ಕುತ್ತಿಗೆಗೆ ಶಾಲು. ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಯಾರ ಸ್ವರ ಅಂತ ಅವಳಿಗೂ ಗೊತ್ತಿತ್ತು. ಮೂರನೇ ಸಾಲು ಅವಳಿಗೆ ಅಂಗೈ ಇದ್ದ ಹಾಗೆ.

ಬೀಗಿತ್ತಿ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು. "ಅವತ್ತು ಕೂಗಿದ್ದು ನಾನೇ. ಅವಮಾನ ಮಾಡ್ಬೇಕು ಅಂತಲ್ಲ. ನಿಮ್ಮೂರಿನ ಪದ್ಧತಿ ನನಗೆ ಗೊತ್ತಿರ್ಲಿಲ್ಲ. ಕಾಲಿಗೆ ಬೀಳು ಅಂದ್ರೆ ಬೀಳ್ತೀನಿ."

"ಒಳಗೆ ಬನ್ನಿ ಮೊದ್ಲು. ಟೀ ಕುಡೀರಿ," ಅಂದಳು ಅಕ್ಕ. ದನಿ ಬತ್ತಿತ್ತು.

ಟೀ ಬಂತು. ಯಾರೂ ಕುಡಿಯಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳಿ," ಅಂದಳು ಅಕ್ಕ. "ಅಲ್ಲೇ ಯಾಕೆ ಕೂಗಿದ್ರಿ? ಅದಕ್ಕೆ ಮುಂಚೆ ಎಷ್ಟೋ ಕಡೆ ಚೆನ್ನಾಗಿ ಬಂದಿತ್ತು. ಅಲ್ಲೆಲ್ಲ ಸುಮ್ನಿದ್ರಿ."

"ದಾರ ಕಾಣಿಸ್ತು."

"ಯಾವ ದಾರ?"

"ನೀವು ಹಲ್ಲಲ್ಲಿ ಕಚ್ಚಿ ಕತ್ತರಿಸಿದ್ರಲ್ಲ, ಅದು. ತುಂಡು ತುಟಿಗೆ ಅಂಟ್ಕೊಂಡಿತ್ತು. ಬೆರಳಲ್ಲಿ ತೆಗೆದ್ರಿ. ನಮ್ಮಮ್ಮನೂ ಹೀಗೇ ತೆಗೀತಿದ್ಲು. ಅಷ್ಟು ಹೊತ್ತೂ ಬರೀ ಕೈ ಅಂತ ಗೊತ್ತಿತ್ತು. ಆಗ ಮಾತ್ರ ದಾರ ಕಂಡೇಬಿಡ್ತು. ಬಾಯಿ ತಾನಾಗೇ ತೆರ್ಕೊಳ್ತು."

ಅಕ್ಕ ಬೆರಳಲ್ಲಿ ತನ್ನ ತುಟಿ ಮುಟ್ಟಿ ನೋಡಿಕೊಂಡಳು. ಆಮೇಲೆ, "ಸ್ವರ ಒಡೀತಲ್ಲ ಆಗ?" ಅಂದಳು.

"ಒಡೀತಾ? ನೀವು ಅಳ್ತಿದೀರಿ ಅಂದ್ಕೊಂಡೆ. ಮಗ ಯುದ್ಧಕ್ಕೆ ಹೋಗ್ತಿದಾನಲ್ವಾ."

ಅಕ್ಕ ನನ್ನ ಕಡೆ ತಿರುಗಿದಳು. "ಏನೋ ದೆಶುನ್, ನೀನು ದಾರ ನೋಡಿದ್ಯಾ?"

"ಇಲ್ಲ."

"ಯಾವತ್ತಾದ್ರೂ?"

"ಇಲ್ಲಕ್ಕ. ಕಣ್ಣು ಮುಚ್ಕೊಂಡಿರ್ತೀನಿ."

"ನೋಡಿ ಇವನನ್ನ," ಅಂದಳು ಬೀಗಿತ್ತಿಗೆ. "ಆ ದಾರ ಕಲಿಯೋಕೆ ನನಗೆ ಒಂದು ಚಳಿಗಾಲ ಪೂರ್ತಿ ಬೇಕಾಯ್ತು. ಗುರುಗಳು ನಿಜವಾದ ದಾರ ಕೊಟ್ಟು ತುಟಿ ಹರಿಯೋ ತನಕ ಕಚ್ಚಿಸಿದ್ರು. ಆಮೇಲೆ ದಾರ ಕಿತ್ಕೊಂಡ್ರು, ಈಗ ಮಾಡು ಅಂದ್ರು. ಇಷ್ಟು ವರ್ಷದಲ್ಲಿ ಅದಕ್ಕೆ ಒಬ್ರೂ ಭಲೇ ಅಂದಿರ್ಲಿಲ್ಲ. ಈ ಊರೆಲ್ಲ ಕಣ್ಣು ಮುಚ್ಕೊಂಡು ಕೂತಿರುತ್ತೆ."

ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. ಭರಣಿಯ ಮುಚ್ಚಳ ತೆಗೆದಳು. ಮನೆಯೆಲ್ಲ ವಾಸನೆ. ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದಳು. ಇನ್ನೊಂದು ಚೂರು ತೆಗೆದುಕೊಂಡಳು.

"ಭಾನುವಾರ ಇರ್ತೀರಾ?" ಅಂತ ಅವರನ್ನು ಕೇಳಿದಳು.

"ನಾಳೆ ರೈಲು."

"ಇರಿ."

ಹೊರಡುವಾಗ ಅಕ್ಕ ಹೌಗೆ ಫೋನ್ ಹಚ್ಚಿದ್ದಳು. "ಉಡುಪು ವಾಪಸ್ ತಗೊಂಡು ಬಾ. ಮತ್ತೆ… ನೀನು ಹೇಳ್ತಿದ್ಯಲ್ಲ, ಅದು. ಹೂಂ. ಇಳಿಸು." ಬೆನ್ನು ನಮ್ಮ ಕಡೆ ಇತ್ತು. ಆ ಒಂದು ಮಾತು ಹೇಳುವಾಗ ಗೋಡೆ ಹಿಡಿದುಕೊಂಡಿದ್ದಳು.

ಏಪ್ರಿಲ್ 19, ಶನಿವಾರ

ಬೀಗಿತ್ತಿ ನಿನ್ನೆಯ ರೈಲು ಹತ್ತಲಿಲ್ಲ. ನಾಳೆ ಏನೇ ಆದರೂ ಬಾಯಿ ತೆರೆಯುವುದಿಲ್ಲ ಅಂತ ಪ್ರತಿಜ್ಞೆ ಮಾಡಿದ್ದಾರೆ. ಸೊಸೆಗೆ ಹೇಳಿ ಮಾಸ್ಕ್ ತರಿಸಿಟ್ಟುಕೊಂಡಿದ್ದಾರೆ.

ಅಕ್ಕ ಹಾಡುವುದೇನೋ ಖುಷಿ. ಆದರೆ ಇಳಿದ ಶ್ರುತಿ. ನಮ್ಮವರು ಮೊದಲ ಸಾಲಿನಲ್ಲೇ ಹಿಡಿಯುತ್ತಾರೆ. ಬೈಯುವುದಿಲ್ಲ. ಸುಮ್ಮನಿರುತ್ತಾರೆ. ಈ ಊರಿನಲ್ಲಿ ಭಲೇ ಇಲ್ಲದೆ ಆಟ ಮುಗಿದರೆ ಅದೇ ವಿದಾಯ. ಅಕ್ಕನಿಗೂ ಗೊತ್ತು.

ಏಪ್ರಿಲ್ 20, ಭಾನುವಾರ, ಮಧ್ಯಾಹ್ನ

ಮೊದಲ ಬೆಲ್ ಆಗಿದೆ. ಥಿಯೇಟರಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಪಾಂಗ್ ಬಂದ. ಬೀಗಿತ್ತಿಗೆ ಎಳ್ಳು ಹಾಕಿ ತಿರುಚಿ ಕರಿದ ತಿಂಡಿ ಒಂದು ಪೊಟ್ಟಣ ಕೊಟ್ಟ. "ಅಕ್ಕ, ತಪ್ಪಾಯ್ತು," ಅಂದ. "ತಗೊಳಿ, ಬಾಯಲ್ಲಿ ಇಟ್ಕೊಂಡಿದ್ರೆ ಕೂಗೋಕಾಗಲ್ಲ." ಎರಡೂ ಒಂದೇ ಉಸಿರಿಗೆ.

ಎರಡನೇ ಬೆಲ್.

ಅದೇ ದಿನ, ಸಂಜೆ

ಬರೆಯಬೇಕು. ಇವತ್ತೇ ಬರೆಯಬೇಕು.

ಮೊದಲ ಸಾಲು ಹಾಡಿದಳು. ಮುಂದಿನವರ ತಲೆಗಳು ಒಂದರ ಕಡೆ ಒಂದು ವಾಲಿದವು. ಇಳಿದಿದೆ, ಇಳಿದಿದೆ ಅಂತ ಪಿಸುಮಾತು. ಎಷ್ಟು ಇಳಿದಿದೆ ಅಂತಲೂ ಲೆಕ್ಕ ಹಾಕಿದರು. ಆಮೇಲೆ ಎಲ್ಲರೂ ಕೈ ಕಟ್ಟಿ ಕೂತರು. ಎರಡನೇ ಪದ. ಭಲೇ ಇಲ್ಲ. ಮೂರನೆಯದು. ಇಲ್ಲ. ಬೀಗಿತ್ತಿ ಮಾಸ್ಕಿನ ಮೇಲೆ ಕೈಯನ್ನೂ ಒತ್ತಿಕೊಂಡಿದ್ದರು.

ಈ ಸಲ ನಾನು ಕಣ್ಣು ಮುಚ್ಚಲಿಲ್ಲ.

ಏನೇನು ನೋಡಿದೆ… ಸೂಜಿಗೆ ದಾರ ಪೋಣಿಸಿದಳು. ಒಂದು ಸಲ ತಪ್ಪಿತು, ತುದಿಯನ್ನು ನಾಲಗೆಗೆ ತಾಗಿಸಿ ಮತ್ತೆ ಪೋಣಿಸಿದಳು. ಎಳೆದಳು. ತೋಳಿನ ಉದ್ದಕ್ಕೆ ಎಳೆದಳು, ಮತ್ತೆ ಮುಂದಿನ ಹೊಲಿಗೆಗೆ ಅಷ್ಟು ಉದ್ದ ಇರಲಿಲ್ಲ. ದಾರ ಪ್ರತಿ ಹೊಲಿಗೆಗೂ ಕಿರಿದಾಗುತ್ತ ಬಂತು. ಮಗನ ಜೊತೆ ಉಳಿದ ಹೊತ್ತೂ ಅಷ್ಟೇ. ಇದೆಲ್ಲ ಅಲ್ಲೇ ಇತ್ತು. ನಾನು ಹುಡುಗನಾಗಿದ್ದಾಗಿನಿಂದ ಅಲ್ಲೇ ಇತ್ತು. ಎಂಥ ಕೈ ನನ್ನಕ್ಕನದು. ನಾನು ಎಂಥ ದಡ್ಡ.

ಇಳಿದ ಶ್ರುತಿಯಲ್ಲಿ ಸ್ವರಕ್ಕೆ ಬೇರೆಯೇ ಬಣ್ಣ ಬಂದಿತ್ತು. ಮೊದಲು ಮಿಂಚುತ್ತಿತ್ತು. ಈಗ ತಾಯಿಯ ಸ್ವರ.

ಆ ಸಾಲು ಬಂತು. ಇನ್ನು ಬೆಳಗಾಗದಿರಲಿ. ಮೇಲೆ ಹೋಯಿತು, ಹೋಯಿತು, ನಿಂತಿತು. ಒಡೆಯಲಿಲ್ಲ. ತಲೆ ಬಗ್ಗಿಸಿ ದಾರ ಕಚ್ಚಿದಳು. ತುಂಡಾಯಿತು. ತುಟಿಗೆ ಅಂಟಿದ ಎಳೆಯನ್ನು ಬೆರಳಲ್ಲಿ ತೆಗೆದು, ಎಸೆಯಲು ಮನಸ್ಸಾಗದೆ ಬೆರಳಿಗೆ ಸುತ್ತಿಕೊಂಡಳು. ಇದನ್ನು ಬೀಗಿತ್ತಿ ಹೇಳಿರಲಿಲ್ಲ.

ಥಿಯೇಟರು ಸುಮ್ಮನಿತ್ತು.

ಆಗ ಯಾರೋ ಭಲೇ ಅಂತ ಕೂಗಿದರು. ಕಿವಿ ಕಿತ್ತುಹೋಗುವ ಹಾಗೆ. ಯಾರಪ್ಪಾ ಇದು ಅಂತ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಅಕ್ಕ ತಲೆ ಎತ್ತಿದಳು. ಮೂರನೇ ಸಾಲನ್ನೇ ನೋಡಿದಳು. ನಾನು ಇನ್ನೊಮ್ಮೆ ಕೂಗಿದೆ. ಅಪ್ಪ ಕ್ಷಮಿಸಲಿ. ಪಾಂಗ್ ಕೂಗಿದ. ಮುಂದಿನ ಸಾಲಿನ ಮುದುಕರಲ್ಲಿ ಒಬ್ಬ ಎದ್ದು ನಿಂತ, ಆಮೇಲೆ ಯಾರು ಯಾರು ಅಂತ ತಿಳಿಯಲಿಲ್ಲ. ಮಾಸ್ಕಿನೊಳಗಿಂದಲೂ ಒಂದು ಬಂತು.

ಅಂಕದ ಪರದೆ ಮೂರು ಸಲ ಎತ್ತಿಸಿದರು. ಅಕ್ಕ ಹೌನನ್ನೂ ಎಳೆದು ತಂದು ನಿಲ್ಲಿಸಿದಳು. ಕೊನೆಯ ಸಲ ಬಾಗುವಾಗ ಕಂಡಿತು, ಬೆರಳನ್ನು ಇನ್ನೂ ಮಡಚಿಯೇ ಇಟ್ಟುಕೊಂಡಿದ್ದಳು.

ಏಪ್ರಿಲ್ 21, ಸೋಮವಾರ, ಬೆಳಿಗ್ಗೆ

ಬೀಗಿತ್ತಿಯನ್ನು ರೈಲು ಹತ್ತಿಸಿ ಬಂದೆ. ಟೋಪಿ ಬಿಟ್ಟು ಹೋಗಿದ್ದಾರೆ. ಬೇಕಂತಲೇ ಬಿಟ್ಟದ್ದಿರಬೇಕು, ಶರತ್ಕಾಲದ ಆಟಕ್ಕೆ ಬರುತ್ತಾರಂತೆ.

ನನ್ನ ಗಂಟಲು ಪೂರ್ತಿ ಕಟ್ಟಿದೆ. ಪಾಂಗ್‌ಗೆ ಕೈಸನ್ನೆಯಲ್ಲಿ ಖಾರ ಬೇಡ ಅಂದೆ.

ಈಗಷ್ಟೇ ಅಕ್ಕನ ಫೋನು. ಎತ್ತಿದೆ. ಏನೇನೋ ಹೇಳಬೇಕಿತ್ತು. ಬಾಯಿ ತೆರೆದರೆ ಬರೀ ಗಾಳಿ. ಆ ಕಡೆ ನಕ್ಕಳು. ಹಳೆಯ ನಗು.

"ಶ್ರುತಿ ಇಳಿಸ್ಕೊಂಡು ಹೇಳೋ," ಅಂದಳು.

ಹೇಳಲು ಹೋದೆ. "ಅಕ್ಕ, ದಾರ ಕಾಣಿಸ್ತು…"